ಮೊಳೆಯುವ ಬೀಜದ ಆಹಾರ

ಮುಂಗಾರು ಮಳೆ ಬಿದ್ದು ಹೊಲವು ಹದಕ್ಕೆ ಬಂತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಕೆಂಪು ನೆಲದಲ್ಲಿ ರಾಗಿಯನ್ನು ಬಿತ್ತುವ ಕೆಲಸವು ಆರಂಭವಾಗುತ್ತದೆ. ನಮ್ಮ ವಾಚಕರಲ್ಲಿ ಬಹುಮಂದಿ ಈ ಕೆಲಸದಲ್ಲಿಯೇ ಹುಟ್ಟಿ ಬೆಳೆದವರಾದದರಿಂದ ಬಿತ್ತುವದು ಹೇಗೆಂಬದನ್ನು ಅವರಿಗೆ ಕಲಿಸಲು ನಾವು ಹೊರಟಿಲ್ಲ. ಆದರೆ ಬಿತ್ತಿದ ದಿನಕ್ಕೂ ಹಸುರು ಕಾಣುವ ದಿನಕ್ಕೂ ನಡುವೆ ಇರುವ ನಾಲ್ಕಾರು ದಿನಗಳಲ್ಲಿ ಮಣ್ಣಿನ ಕೆಳಗೆ ಏನು ನಡೆಯುತ್ತದೆಂಬದು ಯಾರ ಕಣ್ಣಿಗೂ ಬೀಳುವ ವಿಷಯವಲ್ಲ. ಬೀಜವು ಆ ದಿನಗಳಲ್ಲಿ ಏನನ್ನು ತಿನ್ನುತ್ತದೆ? ಎಲ್ಲಿಂದ ತಿನ್ನುತ್ತದೆ? ನಾವು ಹಾಕಿದ ಗೊಬ್ಬರವನ್ನು ಅದು ಯಾವಾಗ ಮುಟ್ಟುತ್ತದೆ? ಇವು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ಪ್ರಶ್ನೆಗಳೆಂದು ಯಾರೂ ನೆನಸಬಾರದು. ಇವುಗಳ ಉತ್ತರವು ತಿಳಿಯದೆ ಹೋದದರಿಂದ ಒಂದು ವರುಷದ ಹಿಟ್ಟನ್ನೇ ಕಳೆದುಕೊಂಡ ಮನೆಯನ್ನು ನಾವು ಕಂಡಿದ್ದೇವೆ.

ಅದು ಕನಕಪುರದ ಕಡೆಯ ಒಂದು ಹಳ್ಳಿ. ಎರಡೆಕರೆ ಹೊಲವುಳ್ಳ ಹಿರಿಯರೊಬ್ಬರು ಹದವಾದ ಮಳೆ ನೋಡಿ ರಾಗಿ ಬಿತ್ತಿಸಿದ್ದರು. ಎಂಟು ದಿನವಾದರೂ ಸಾಲು ಕಾಣಲಿಲ್ಲ. ಅಕ್ಕಪಕ್ಕದ ಹೊಲಗಳು ಹಸುರಾಗಿದ್ದವು. ನಾವು ಹೋದಾಗ ಅವರು ಬದುವಿನ ಮೇಲೆ ಕುಳಿತಿದ್ದು, “ಬೀಜ ಮೋಸವಾಯಿತು ಅಯ್ಯಾ, ಕೊಟ್ಟವರು ಹಳೇ ಬೀಜ ಕೊಟ್ಟರು” ಅಂದರು. “ಆ ಬೀಜ ಮನೆಯಲ್ಲಿ ಇನ್ನೇನಾದರೂ ಉಂಟೋ ದೊಡ್ಡಪ್ಪಾ?” ಎಂದು ಕೇಳಲು, ಅವರ ಸೊಸೆಯು ಚೀಲದ ತಳದಿಂದ ಒಂದು ಹಿಡಿ ತಂದಳು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿಸಿ ಮೂರನೆಯ ದಿನ ಬಿಚ್ಚಿ ನೋಡಿದರೆ ಬಹುಪಾಲು ಕಾಳು ಬೆಳ್ಳಗೆ ಮೊಳೆತಿದ್ದವು. ಬೀಜದಲ್ಲಿ ಮೋಸವಿರಲಿಲ್ಲ. ಹಾಗಾದರೆ ಹೊಲದಲ್ಲಿ ಏನಾಯಿತು? ಇದನ್ನು ತಿಳಿಯಬೇಕಾದರೆ ಬೀಜದ ಹೊಟ್ಟೆಯೊಳಗಿಂದಲೇ ಆರಂಭಿಸಬೇಕಾಗಿದೆ.

ಮಾಗಡಿಯ ಅವರೆಕಾಯಿಯನ್ನು ತಿನ್ನದವರು ಈ ಸೀಮೆಯಲ್ಲಿ ಯಾರಿದ್ದಾರೆ? ಸೊಗಡಿನ ಕಾಲದಲ್ಲಿ ನಮ್ಮ ತಾಯಂದಿರು ಅವರೆಕಾಳನ್ನು ನೆನಸಿ, ಬೆರಳಿನಿಂದ ಹಿತಕಿ, ಸಿಪ್ಪೆಯನ್ನು ಬೇರೆಮಾಡುತ್ತಾರೆ. ಈ ಸಾರಿ ಹಿತಕುವಾಗ ಒಂದು ಕಾಳನ್ನು ಸ್ವಲ್ಪ ನಿಧಾನವಾಗಿ ನೋಡಿರಿ. ಸಿಪ್ಪೆಯೊಳಗೆ ಎರಡು ಬೇಳೆಗಳಿವೆ. ಎರಡು ಬೇಳೆಗಳು ಕೂಡುವ ಒಂದು ಅಂಚಿನಲ್ಲಿ ಚಿಕ್ಕ ಮೂಗಿನಂಥಾ ಒಂದು ತುದಿಯುಂಟು. ಆ ಮೂಗೇ ಮುಂದಿನ ಗಿಡ. ಅದರ ಒಂದು ಕೊನೆ ಬೇರಾಗುವದು, ಇನ್ನೊಂದು ಕೊನೆ ಚಿಗುರಾಗುವದು. ಬೇಳೆಗಳಾದರೋ ಅದಕ್ಕೆ ತಾಯಿಗಿಡವು ಕಟ್ಟಿಕೊಟ್ಟ ಬುತ್ತಿಯೇ ಸರಿ. ನಾವು ಸಾರಿಗೆ ಹಾಕುವದು ಆ ಬುತ್ತಿಯನ್ನು.

ರಾಗಿಯಲ್ಲಿ ಇದೇ ಏರ್ಪಾಡು ಸ್ವಲ್ಪ ಬೇರೆ ವಿಧವಾಗಿದೆ. ಅಲ್ಲಿ ಎರಡು ಬೇಳೆಯಿಲ್ಲ; ಒಂದು ಮೂಲೆಯಲ್ಲಿ ಮೊಳೆಯು ಕುಳಿತಿದ್ದು ಉಳಿದ ಜಾಗವೆಲ್ಲಾ ಹಿಟ್ಟಿನಿಂದ ತುಂಬಿರುತ್ತದೆ. ಆ ಹಿಟ್ಟಿಗೂ ಮೊಳೆಗೂ ಮಧ್ಯೆ ತೆಳುವಾದ ಗುರಾಣಿಯಂಥಾ ಒಂದು ಎಲೆಯಿದ್ದು, ಹಿಟ್ಟು ಕರಗಿದಂತೆಲ್ಲಾ ಅದನ್ನು ಹೀರಿ ಮೊಳೆಗೆ ಕೊಡುತ್ತದೆ. ರಾಗಿಯಲ್ಲಿ ಇದನ್ನು ಬರಿಗಣ್ಣಿಂದ ನೋಡುವದು ಕಷ್ಟ. ಆದರೆ ಚನ್ನಪಟ್ಟಣದ ತೋಟಗಳವರು ಇಂಥಾ ಅಂಗವನ್ನು ಮುಷ್ಟಿಗಾತ್ರದಲ್ಲಿ ನೋಡಿದ್ದಾರೆ. ಅದು ಇಂಥಾದ್ದೆಂದು ಗೊತ್ತಿಲ್ಲವಷ್ಟೆ. ಮೊಳೆತ ತೆಂಗಿನಕಾಯನ್ನು ಒಡೆದರೆ ಒಳಗೆ ಬೆಳ್ಳಗೆ, ಹಗುರವಾಗಿ, ಸಿಹಿಯಾಗಿ ಒಂದು ಗುಂಡು ಸಿಕ್ಕುವದಲ್ಲವೇ? ಮಕ್ಕಳು ಅದಕ್ಕಾಗಿ ಜಗಳವಾಡುತ್ತಾರೆ. ಕಾಯಿ ಒಡೆದಾಗ ಹೂವು ಬಂತು, ಒಳ್ಳೆಯ ಶಕುನವಾಯಿತು ಎಂದು ಹಿಗ್ಗುವವರೂ ಇದ್ದಾರೆ. ಅದು ಹೂವಲ್ಲ, ಶಕುನವೂ ಅಲ್ಲ; ಅದು ತೆಂಗಿನ ಸಸಿಯ ಬಾಯಿ. ಎಳನೀರನ್ನೂ ಕೊಬ್ಬರಿಯನ್ನೂ ಅದು ಮೆಲ್ಲಮೆಲ್ಲನೆ ಕರಗಿಸಿ ಹೀರಿ, ಮೇಲೆ ಬರುತ್ತಿರುವ ಮೊಳೆಗೆ ಸಾಗಿಸುತ್ತದೆ. ತೆಂಗಿನ ಸಸಿಯು ಬಹು ತಿಂಗಳುಗಳ ವರೆಗೆ ಈ ಬುತ್ತಿಯ ಮೇಲೆಯೇ ಜೀವಿಸಬಲ್ಲದು. ಮರಳಿನ ಮಡಿಯಲ್ಲಿ ಮಲಗಿಸಿದ ಕಾಯಿಯು ಗೊಬ್ಬರದ ಸೋಂಕೇ ಇಲ್ಲದೆ ಹಸುರೆಲೆ ಬಿಡುವದಕ್ಕೆ ಇದೇ ಕಾರಣ.

ಬುತ್ತಿ ಇದ್ದರೂ ಒಣಬೀಜವು ಅದನ್ನು ತಿನ್ನಲಾರದು. ಕಣಜದಲ್ಲಿರುವ ರಾಗಿಯಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಮಾತ್ರ ನೀರಿರುತ್ತದೆ. ಅಷ್ಟರಲ್ಲಿ ಜೀವವು ಇದ್ದರೂ ನಿದ್ರೆಯಲ್ಲಿದೆ. ಆದಕಾರಣ ಬೀಜವು ತನ್ನ ಸುತ್ತಲಿಂದ ತೆಗೆದುಕೊಳ್ಳುವ ಮೊದಲನೆಯ ಪದಾರ್ಥ ಗೊಬ್ಬರವಲ್ಲ, ನೀರೇ. ಒಂದು ಪಾವು ಹುರುಳಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ನೀರನ್ನು ಬಸಿದು ತೂಗಿದರೆ ತೂಕವು ಸುಮಾರು ಇಮ್ಮಡಿಯಾಗಿರುವದು. ಈ ಊದುವ ಬಲವು ಸಾಮಾನ್ಯವಾದದ್ದಲ್ಲ. ಹಿಂದಿನ ಕಾಲದಲ್ಲಿ ಕಲ್ಲು ಸೀಳುವವರು ಬಂಡೆಯ ಕುಳಿಗಳಲ್ಲಿ ಒಣಮರದ ಬೆಣೆಗಳನ್ನು ಬಡಿದು ನೀರು ಹುಯ್ಯುತ್ತಿದ್ದರು. ಮರವು ಊದಿ ಬಂಡೆಯೇ ಬಿರಿಯುತ್ತಿತ್ತು. ಬೀಜವು ತನ್ನ ಗಟ್ಟಿ ಸಿಪ್ಪೆಯನ್ನು ಬಿರಿಯಿಸಿಕೊಳ್ಳುವದಕ್ಕೂ ಇಂಥಾ ಬಲವೇ ಸಹಾಯ.

ಇಲ್ಲಿ ಒಂದು ಎಚ್ಚರಿಕೆಯ ಮಾತುಂಟು. ಸತ್ತ ಬೀಜವೂ ಊದುತ್ತದೆ. ಬೇಯಿಸಿದ ಹುರುಳಿ ಊದಿಲ್ಲವೇ? ಆದದರಿಂದ ನೀರಲ್ಲಿ ದಪ್ಪವಾಯಿತು, ಬೀಜ ಚೆನ್ನಾಗಿದೆ ಎಂದು ತೀರ್ಮಾನಿಸುವದು ಸರಿಯಲ್ಲ. ನೂರು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ನೋಡಿಕೊಂಡು, ಒಂದು ವಾರದೊಳಗೆ ಎಷ್ಟು ಮೊಳೆತವೆಂದು ಎಣಿಸುವದೇ ನಿಜವಾದ ಪರೀಕ್ಷೆ. ಸರಕಾರದ ಪ್ರಮಾಣಪತ್ರವುಳ್ಳ ರಾಗಿ ಬೀಜದಲ್ಲಿ ನೂರಕ್ಕೆ ೭೫ ಆದರೂ ಮೊಳೆಯಬೇಕೆಂದು ನಿಯಮವಿದೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿತ್ತನೆಗೆ ಹದಿನೈದು ದಿನ ಮುಂಚೆ ಮಾಡುವ ಮನೆಗಳು ಇಷ್ಟು ಕಡಿಮೆಯಿರುವದು ನಮಗೆ ಆಶ್ಚರ್ಯ.

ನೀರು ಒಳಗೆ ಹೋದ ಮೇಲೆ ಕೆಲವು ತಾಸುಗಳ ಕಾಲ ಹೊರಗೆ ಏನೂ ಕಾಣುವದಿಲ್ಲ. ಆದರೆ ಒಳಗೆ ಅಡಿಗೆ ಆರಂಭವಾಗಿದೆ. ಎಚ್ಚತ್ತ ಮೊಳೆಯು ಸಿಪ್ಪೆಯ ಕೆಳಗಿನ ಪದರಕ್ಕೆ ಒಂದು ರಸದ ಮೂಲಕ ಹೇಳಿಕಳುಹಿಸುತ್ತದೆ. ಈ ಜಾತಿಯ ರಸದ ಸುಳಿವು ಮೊದಲು ಸಿಕ್ಕಿದ್ದು ಬೀಜದಲ್ಲಲ್ಲ, ಒಂದು ಬೂಷ್ಟಿನಲ್ಲಿ. ೧೯೨೬ರಲ್ಲಿ ಕುರೊಸಾವ ಎಂಬ ಜಪಾನೀಯನು ತೈವಾನ್ ದ್ವೀಪದಲ್ಲಿ, ಭತ್ತದ ಪೈರು ಹುಚ್ಚುಹುಚ್ಚಾಗಿ ಎತ್ತರಕ್ಕೆ ಬೆಳೆದು ಬಿದ್ದುಹೋಗುವ ರೋಗವನ್ನು ಪರೀಕ್ಷಿಸುತ್ತಾ, ರೋಗದ ಬೂಷ್ಟು ಸುರಿಸುವ ರಸವೇ ಅದಕ್ಕೆ ಕಾರಣವೆಂದು ತೋರಿಸಿದನು. ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಾಯಿತು. ಗಿಡಗಳೂ ತಮ್ಮೊಳಗೆ ಇದನ್ನು ಮಾಡಿಕೊಳ್ಳುತ್ತವೆಂದು ಅನಂತರ ಗೊತ್ತಾಯಿತು. ಈ ರಸವು ಮುಟ್ಟಿದ ಕೂಡಲೆ ಆ ಪದರವು ಕಿಣ್ವಗಳನ್ನು ಹುಟ್ಟಿಸಿ ಹಿಟ್ಟಿನೊಳಗೆ ಬಿಡುತ್ತದೆ. ಹಿಟ್ಟು ನೀರಿನಲ್ಲಿ ಕರಗದ ವಸ್ತು. ಅದನ್ನು ಕರಗುವ ಸಕ್ಕರೆಯಾಗಿ ತುಂಡರಿಸುವದು ಈ ಕಿಣ್ವಗಳ ಕೆಲಸ. ೧೮೩೩ರಲ್ಲಿಯೇ ಪಾಯೆನ್, ಪೆರ್ಸೋ ಎಂಬ ಇಬ್ಬರು ಫ್ರೆಂಚರು ಮೊಳೆತ ಬಾರ್ಲಿಯಿಂದ ಇಂಥಾದ್ದೊಂದನ್ನು ಬೇರೆಮಾಡಿ ಡಯಾಸ್ಟೇಸ್ ಎಂದು ಹೆಸರಿಟ್ಟರು.

ನಮ್ಮ ವಾಚಕರಿಗೆ ಬಾರ್ಲಿ ಬೇಡ, ಫ್ರಾನ್ಸೂ ಬೇಡ. ಎರಡು ದಿನ ಮೊಳೆಯಿಸಿದ ರಾಗಿಯ ಒಂದು ಕಾಳನ್ನು ಬಾಯಲ್ಲಿಟ್ಟು ಮೆಲ್ಲಲಿ. ಅನಂತರ ಮೊಳೆಯದ ಕಾಳನ್ನು ಮೆಲ್ಲಲಿ. ಸಿಹಿಯು ಎಲ್ಲಿಂದ ಬಂತೆಂಬದು ನಾಲಿಗೆಗೇ ತಿಳಿಯುವದು.

ಅಡಿಗೆಗೆ ಬೆಂಕಿ ಬೇಕಷ್ಟೆ. ಬೀಜದ ಬೆಂಕಿ ಉಸಿರು. ಬೀಜವು ತನ್ನ ಸುತ್ತಲಿಂದ ತೆಗೆದುಕೊಳ್ಳುವ ಎರಡನೆಯ ಪದಾರ್ಥವು ಗಾಳಿಯೊಳಗಿನ ಆಮ್ಲಜನಕ. ಅದರಿಂದ ಸಕ್ಕರೆಯನ್ನು ಮೆಲ್ಲಗೆ ಸುಟ್ಟು ಬಲವನ್ನು ಪಡೆದು, ನಮ್ಮಂತೆಯೇ ಇಂಗಾಲಾಮ್ಲದ ಕೆಟ್ಟ ಗಾಳಿಯನ್ನು ಹೊರಗೆ ಬಿಡುತ್ತದೆ. ಮೊಳಕೆ ಕಟ್ಟಿದ ಗಂಟಿನೊಳಗೆ ಕೈಯಿಟ್ಟು ನೋಡಿದ ಹೆಂಗಸರಿಗೆಲ್ಲಾ ಅದು ಬೆಚ್ಚಗಿರುವದು ಗೊತ್ತು. ಆ ಬಿಸಿಯು ಈ ಉರಿಯುವಿಕೆಯದೇ. ಇನ್ನೂ ನಿಶ್ಚಯವಾಗಿ ತಿಳಿಯಬೇಕೆಂದರೆ, ಮೊಳೆಯುತ್ತಿರುವ ಒಂದು ಹಿಡಿ ಹುರುಳಿಯನ್ನು ಅಗಲಬಾಯಿಯ ಸೀಸೆಯಲ್ಲಿ ಹಾಕಿ, ಎಲೆಯಡಿಕೆಯ ಸುಣ್ಣವನ್ನು ನೀರಲ್ಲಿ ಕಲಸಿ ತಿಳಿಯಾದ ಮೇಲಿನ ನೀರನ್ನು ಚಿಕ್ಕ ಬಟ್ಟಲಲ್ಲಿ ಅದೇ ಸೀಸೆಯೊಳಗಿಟ್ಟು, ಬಾಯನ್ನು ಭದ್ರವಾಗಿ ಮುಚ್ಚಿರಿ. ಮರುದಿನ ತಿಳಿನೀರು ಹಾಲಿನಂತೆ ಬೆಳ್ಳಗಾಗಿರುವದು. ಅದೇ ಸೀಸೆಯನ್ನು ತೆರೆದ ಕೂಡಲೆ ಉರಿಯುವ ಕಡ್ಡಿಯನ್ನು ಒಳಗಿಟ್ಟರೆ ಅದು ಆರಿಹೋಗುವದು. ಶಾಲೆಗೆ ಹೋಗುವ ಮಕ್ಕಳಿಗೆ ಇದನ್ನು ತೋರಿಸಿದರೆ ಬಹಳ ಸಂತೋಷಪಡುತ್ತಾರೆ.

ಉಸಿರಾಡುವ ಬೀಜಕ್ಕೆ ಉಸಿರು ಕಟ್ಟಲೂಬಹುದೆಂಬದು ಇದರಿಂದ ತಾನೇ ಹೊರಡುತ್ತದೆ. ಬಿತ್ತಿದ ರಾತ್ರಿಯೇ ಜಡಿಮಳೆ ಬಂದು ತಗ್ಗಿನಲ್ಲಿ ನೀರು ನಿಂತರೆ ಬೀಜವು ಮುಳುಗಿಯೇ ಸಾಯುತ್ತದೆ, ಕೊಳೆತದ್ದು ಆಮೇಲೆ. ನಮ್ಮ ಕೆಂಪು ಮಣ್ಣಿನ ಮೇಲೆ ಜೋರು ಮಳೆಯ ನಂತರ ಬಿಸಿಲು ಹೊಡೆದರೆ ಹೆಂಚಿನಂಥಾ ಹೆಪ್ಪು ಕಟ್ಟುತ್ತದೆ. ಕೆಳಗಿನ ಮೊಳೆಗೆ ಗಾಳಿಯೂ ಕಡಿಮೆ, ಮೇಲೆ ಬರುವ ದಾರಿಯೂ ಇಲ್ಲ. ಹಗುರವಾಗಿ ಹಲುಬೆ ಎಳೆದು ಹೆಪ್ಪನ್ನು ಒಡೆಯುವ ಹಿರಿಯರ ಪದ್ಧತಿಗೆ ಅರ್ಥ ಇದೇ. ಮನೆಯಲ್ಲಿ ಮೊಳಕೆಗೆಂದು ಕಾಳನ್ನು ಒಂದೂವರೆ ದಿನ ನೀರಲ್ಲಿಯೇ ಬಿಟ್ಟು, ಹುಳಿವಾಸನೆ ಬಂತೆಂದು ಹೇಳುವವರೂ ಇದೇ ತಪ್ಪು ಮಾಡುತ್ತಾರೆ. ರಾತ್ರಿ ನೆನಸಿದ್ದು ಬೆಳಿಗ್ಗೆ ಬಸಿಯಬೇಕು.

ಈಗ ಮಣ್ಣಿನ ಮಾತಿಗೆ ಬರೋಣ. ನೀರೂ ಗಾಳಿಯೂ ಹೊರಗಿನವು, ಬುತ್ತಿ ಒಳಗಿನದು. ಹಾಗಾದರೆ ಮಣ್ಣು ಯಾತಕ್ಕೆ? ಯೂರೋಪಿನ ಬ್ರಸ್ಸೆಲ್ಸ್ ಪ್ರಾಂತದ ವಾನ್ ಹೆಲ್ಮಾಂಟ್ ಎಂಬ ವೈದ್ಯನು ೨೦೦ ಪೌಂಡು ಒಣಮಣ್ಣನ್ನು ಒಂದು ತೊಟ್ಟಿಯಲ್ಲಿ ತುಂಬಿ ೫ ಪೌಂಡು ತೂಕದ ನೀರವಂಜಿಯ ಸಸಿಯನ್ನು ನೆಟ್ಟು ಐದು ವರುಷ ಮಳೆನೀರನ್ನೇ ಹುಯ್ದನು. ಮರವು ೧೬೯ ಪೌಂಡಿಗೆ ಬೆಳೆದಿತ್ತು; ಮಣ್ಣು ಕಡಿಮೆಯಾದದ್ದು ಸುಮಾರು ಎರಡು ಔನ್ಸು ಮಾತ್ರ. ಮರವೆಲ್ಲಾ ನೀರಿನಿಂದಲೇ ಆಯಿತೆಂದು ಆತನು ತೀರ್ಮಾನಿಸಿದನು. ೧೬೪೮ರಲ್ಲಿ, ಆತನು ತೀರಿಕೊಂಡ ಮೇಲೆ, ಇದು ಅಚ್ಚಾಯಿತು. ಆತನು ಎರಡು ಕಡೆ ತಪ್ಪಿದನು. ಮರದ ಬಹುಭಾಗವು ಎಲೆಗಳು ಬಿಸಿಲಿನ ಸಹಾಯದಿಂದ ಗಾಳಿಯಲ್ಲಿ ಹಿಡಿದ ಇಂಗಾಲವೆಂಬದು ಆ ಕಾಲದಲ್ಲಿ ಯಾರಿಗೂ ತಿಳಿಯದು. ಅದು ಆತನ ದೋಷವಲ್ಲ. ಆದರೆ ಆ ಎರಡು ಔನ್ಸನ್ನು ಆತನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಮ್ಮ ಗೊಬ್ಬರದ ಪ್ರಶ್ನೆಯೆಲ್ಲಾ ಇರುವದು ಆ ಎರಡು ಔನ್ಸಿನಲ್ಲಿಯೇ.

ಇದನ್ನು ನೀವೇ ನೋಡಬಹುದು. ಮೂರು ತೆಂಗಿನ ಚಿಪ್ಪುಗಳ ತಳಕ್ಕೆ ಸಣ್ಣ ತೂತು ಮಾಡಿರಿ. ಒಂದರಲ್ಲಿ ಚೆನ್ನಾಗಿ ತೊಳೆದ ಹೊಳೆಮರಳನ್ನೂ, ಇನ್ನೊಂದರಲ್ಲಿ ಹಳೇ ತಿಪ್ಪೆಗೊಬ್ಬರ ಬೆರಸಿದ ಮಣ್ಣನ್ನೂ, ಮೂರನೆಯದರಲ್ಲಿ ಅದೇ ಮಣ್ಣಿನೊಂದಿಗೆ ಒಂದು ಚಮಚ ಯೂರಿಯಾವನ್ನೂ ಹಾಕಿ, ಎಲ್ಲದರಲ್ಲಿಯೂ ಒಂದೇ ದಿನ ರಾಗಿಯನ್ನು ಬಿತ್ತಿ ಮಳೆನೀರನ್ನು ಚಿಮುಕಿಸಿರಿ. ಮೊದಲಿನೆರಡು ಚಿಪ್ಪುಗಳಲ್ಲಿ ಪೈರು ಒಟ್ಟಿಗೆ ಹುಟ್ಟುತ್ತದೆ. ಕೆಲವು ದಿನಗಳ ವರೆಗೆ ಮರಳಿಗೂ ಗೊಬ್ಬರಕ್ಕೂ ಭೇದವೇ ಕಾಣದು. ಯಾಕಂದರೆ ಎರಡೂ ತಿನ್ನುತ್ತಿರುವದು ತಾಯಿಯ ಬುತ್ತಿಯನ್ನು. ಆಮೇಲೆ ಮರಳಿನ ಪೈರು ನಿಂತಲ್ಲೇ ನಿಲ್ಲುತ್ತದೆ. ಹಳೆಯ ಎಲೆ ಹಳದಿಯಾಗುತ್ತದೆ. ಬುತ್ತಿ ಮುಗಿಯಿತು, ಹೊರಗೆ ಏನೂ ಸಿಕ್ಕಲಿಲ್ಲ. ಹುರುಳಿಯನ್ನು ಬಿತ್ತಿ ನೋಡಿದರೆ ಅದು ಮರಳಲ್ಲಿಯೂ ಹೆಚ್ಚು ದಿನ ತಾಳುವದು. ಒಂದು ಹುರುಳಿಕಾಳಿನ ತೂಕಕ್ಕೆ ಸುಮಾರು ಹತ್ತು ರಾಗಿಕಾಳು ಬೇಕು. ಬುತ್ತಿಯ ಗಾತ್ರವೂ ಹಾಗೆಯೇ. ಒಂದು ಕಿಲೋ ರಾಗಿಯಲ್ಲಿ ಮೂರು ಲಕ್ಷಕ್ಕೆ ಮೇಲ್ಪಟ್ಟು ಕಾಳುಗಳಿವೆಯೆಂದರೆ ಒಂದೊಂದರ ಬಡತನವನ್ನು ಊಹಿಸಬಹುದು. ರಾಗಿಯನ್ನು ಒಂದು ಅಂಗುಲಕ್ಕಿಂತ ಆಳವಾಗಿ ಬಿತ್ತಬಾರದೆಂಬದಕ್ಕೂ, ಅದರ ಹೊಲವನ್ನು ನುಣ್ಣಗೆ ಮಾಡಬೇಕೆಂಬದಕ್ಕೂ ಕಾರಣವಿದು: ಆಳದಿಂದ ಮೇಲೆ ಬರುವಷ್ಟರಲ್ಲಿ ಅದರ ಬುತ್ತಿಯೇ ತೀರಿಹೋಗುತ್ತದೆ.

ಬುತ್ತಿ ತೀರುವ ಮುಂಚೆಯೇ ಬೇರು ತನ್ನ ಕೆಲಸವನ್ನು ಕಲಿತಿರಬೇಕು. ಮೊಳೆತ ರಾಗಿಯ ಬೇರಿನ ಮೇಲೆ ಬಿಳೀ ನವಿರು ನವಿರಾಗಿ ಕಾಣುವ ಕೂದಲುಗಳೇ ಗಿಡದ ಹೊಸ ಬಾಯಿಗಳು. ಅನೇಕರು ಇದನ್ನು ಬೂಷ್ಟೆಂದು ತಿಳಿದು ಮೊಳಕೆಯನ್ನು ಚೆಲ್ಲುತ್ತಾರೆ; ಬೂಷ್ಟಾದರೆ ವಾಸನೆಯುಂಟು, ಕಾಳಿಂದ ಕಾಳಿಗೆ ಬಲೆಯಂತೆ ಹಬ್ಬುತ್ತದೆ; ಬೇರಿನ ಕೂದಲು ಹಾಗಲ್ಲ. ಈ ಕೂದಲುಗಳು ಗೊಬ್ಬರವನ್ನು ಗೊಬ್ಬರವಾಗಿ ತಿನ್ನಲಾರವು. ಸೆಗಣಿಯಾಗಲಿ ಸೊಪ್ಪಾಗಲಿ ಮಣ್ಣಿನ ಸೂಕ್ಷ್ಮಜೀವಿಗಳಿಂದ ಕೊಳೆತು, ಅದರ ಸಾರಜನಕ, ರಂಜಕ, ಪೊಟ್ಯಾಷು ಮುಂತಾದವು ನೀರಿನಲ್ಲಿ ಕರಗಿದ ಮೇಲೆಯೇ ಒಳಗೆ ಹೋಗಬಲ್ಲವು. ಆಗಲೂ ಅವು ತಾವಾಗಿ ನುಗ್ಗುವದಿಲ್ಲ. ಬೇರು ತನ್ನ ಸಕ್ಕರೆಯನ್ನು ಸುಟ್ಟು, ಆ ಬಲದಿಂದ ಬೇಕಾದದ್ದನ್ನು ಆರಿಸಿ ಎಳೆದುಕೊಳ್ಳುತ್ತದೆ. ಅಂದರೆ ಮೊದಲ ಊಟವನ್ನು ಸಂಪಾದಿಸುವ ಕೂಲಿಯೂ ಆ ಬುತ್ತಿಯಿಂದಲೇ ಹೋಗಬೇಕು. ಸಾರಜನಕವು ನೀರಿನೊಡನೆ ಬೇರಿನ ಹತ್ತಿರಕ್ಕೆ ಹರಿದುಬರುತ್ತದೆ. ರಂಜಕವು ಹಾಗಲ್ಲ, ಕೆಂಪು ಮಣ್ಣಿನ ಕಬ್ಬಿಣವು ಅದನ್ನು ಹಿಡಿದುಕೊಳ್ಳುವದರಿಂದ ಅದು ಇದ್ದಲ್ಲೇ ಇರುತ್ತದೆ, ಬೇರೇ ಅದರ ಬಳಿಗೆ ಹೋಗಬೇಕು. ಆದದರಿಂದಲೇ ರಂಜಕದ ಗೊಬ್ಬರವನ್ನು ಮೇಲೆ ಎರಚುವದಕ್ಕಿಂತ ಬಿತ್ತುವಾಗಲೇ ಸಾಲಿನಲ್ಲಿ, ಬೀಜಕ್ಕೆ ಸ್ವಲ್ಪ ಕೆಳಗೆ ಅಥವಾ ಪಕ್ಕದಲ್ಲಿ ಬೀಳುವಂತೆ ಹಾಕುವದು ಉತ್ತಮ.

ಮೂರನೆಯ ಚಿಪ್ಪಿನ ವಿಷಯ ನಾವು ಇನ್ನೂ ಹೇಳಲಿಲ್ಲ. ಅದರಲ್ಲಿ ಹೆಚ್ಚುಕಡಿಮೆ ಏನೂ ಹುಟ್ಟುವದಿಲ್ಲ. ಉಪ್ಪಿನಕಾಯಿಗೆ ಉಪ್ಪು ಬೆರಸಿದಾಗ ಮಾವಿನ ಹೋಳುಗಳಿಂದ ನೀರು ಹೊರಗೆ ಬರುವದನ್ನು ನೋಡಿದ್ದೀರಿ. ಅದೇ ಪ್ರಕಾರ ರಾಸಾಯನಿಕ ಗೊಬ್ಬರವು ಬೀಜದ ಸುತ್ತಲಿನ ತೇವದಲ್ಲಿ ದಟ್ಟವಾಗಿ ಕರಗಿದರೆ ಬೀಜಕ್ಕೆ ನೀರನ್ನು ಹೀರಲಾಗುವದಿಲ್ಲ, ಹೀರಿದ್ದನ್ನೂ ಕಳೆದುಕೊಳ್ಳುತ್ತದೆ. ಯೂರಿಯಾದಲ್ಲಿ ಇನ್ನೊಂದು ಕೇಡುಂಟು. ಅದು ತೇವದ ಮಣ್ಣಿನಲ್ಲಿ ಅಮೋನಿಯಾ ಆಗುತ್ತದೆ. ಮೂಗಿಗೆ ಘಾಟು ಹೊಡೆಯುವ ಆ ಗಾಳಿಯು ಎಳೇ ಮೊಳೆಗೆ ವಿಷ.

ಕನಕಪುರದ ಕಡೆಯ ಆ ಹಿರಿಯರನ್ನು ನಾವು ಮತ್ತೆ ಕೇಳಿದೆವು: “ಬೀಜದೊಡನೆ ಏನಾದರೂ ಬೆರಸಿದಿರೋ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪ ಸಣ್ಣ ರಾಗಿ ಸಮನಾಗಿ ಬೀಳಲೆಂದು ಪುಡಿಗೊಬ್ಬರ ಬೆರಸಿ ಕೂರಿಗೆಗೆ ಬಿಡುತ್ತಿದ್ದ. ಈ ವರುಷ ದನವಿಲ್ಲ, ತಿಪ್ಪೆಯಿಲ್ಲ. ಗೊಬ್ಬರ ಗೊಬ್ಬರವೇ ಅಲ್ಲವೇ ಎಂದು ಯೂರಿಯಾ ಬೆರಸಿ ಬಿಟ್ಟೆ” ಅಂದರು. ಅವರ ತಂದೆಯ ಪದ್ಧತಿಯು ಸರಿಯಾಗಿಯೇ ಇತ್ತು. ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರವು ಮೆಲ್ಲಮೆಲ್ಲನೆ ಬಿಡುತ್ತದೆ, ತೇವವನ್ನೂ ಹಿಡಿದಿಡುತ್ತದೆ. ಬೆರಸುವ ಪದ್ಧತಿಯು ಉಳಿದು ಬೆರಸುವ ಪದಾರ್ಥವು ಬದಲಾದದ್ದೇ ಕೇಡಾಯಿತು. ಯೂರಿಯಾ ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಪೈರು ಮೂರು ನಾಲ್ಕು ವಾರದ್ದಾಗಿ, ಕಳೆ ತೆಗೆದು, ನೆಲದಲ್ಲಿ ತೇವವಿರುವಾಗ ಅದೇ ಯೂರಿಯಾವನ್ನು ಮಿತವಾಗಿ ಹಾಕಿದ್ದರೆ ಬೇರಿಗೆ ಅದು ಊಟವೇ ಆಗುತ್ತಿತ್ತು. ಬಾಯಿ ಬಾರದ ಕೂಸಿಗೆ ಮುದ್ದೆ ತುರುಕಿದಂತಾಯಿತು. ಆ ವರುಷ ಅವರು ನೆರೆಯವರಿಂದ ಪೈರು ಬೇಡಿ ತಂದು ಒಂದೆಕರೆಗೆ ನಾಟಿ ಹಾಕಿದರು. ಇನ್ನೊಂದೆಕರೆ ಹುರುಳಿಗೆ ಹೋಯಿತು.

ಹುರುಳಿಯ ಮಾತು ಬಂದದರಿಂದ ಒಂದನ್ನು ಸೇರಿಸುತ್ತೇವೆ. ಹುರುಳಿ, ಅವರೆ, ತೊಗರಿ, ಅಲಸಂದೆ ಇವುಗಳ ಬೇರಿನಲ್ಲಿ ಎರಡು ಮೂರು ವಾರಗಳಾದ ಮೇಲೆ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳೊಳಗೆ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಕೊಟ್ಟು, ಬದಲಿಗೆ ಅದರ ಸಕ್ಕರೆಯನ್ನು ತಿನ್ನುತ್ತವೆಂಬದನ್ನು ಜರ್ಮನಿಯ ಹೆಲ್‌ರೀಗಲ್, ವಿಲ್‌ಫಾರ್ತ್ ಎಂಬವರು ೧೮೮೦ರ ದಶಕದಲ್ಲಿ ಸ್ಥಾಪಿಸಿದರು. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಕೆಂಪಾಗಿದ್ದರೆ ಅದು ಕೆಲಸ ಮಾಡುತ್ತಿದೆಯೆಂದು ತಿಳಿಯಬೇಕು. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲನ್ನು ಹಾಕುವ ನಮ್ಮ ಹಿರಿಯರಿಗೆ ಈ ಜರ್ಮನರ ಪರಿಚಯವಿರಲಿಲ್ಲ.

ಇನ್ನು ಹೊಲದಿಂದ ಮನೆಯೊಳಗೆ ಹೋಗೋಣ. ಯಾಕಂದರೆ ಬೀಜವು ತನಗಾಗಿ ಮಾಡಿಕೊಳ್ಳುವ ಈ ಅಡಿಗೆಯನ್ನು ನಮ್ಮ ತಾಯಂದಿರು ಬಹುಕಾಲದಿಂದ ಕೂಸುಗಳಿಗಾಗಿ ಉಪಯೋಗಿಸಿಕೊಂಡಿದ್ದಾರೆ. ರಾಗಿ ಸರಿಯೆಂಬದು ಮತ್ತೇನು? ರಾಗಿಯನ್ನು ಗಾಳಿಸಿ, ತೊಳೆದು, ರಾತ್ರಿಯೆಲ್ಲಾ ನೆನಸಿ, ಬಸಿದು, ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಮೊಳೆತದ್ದನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಉಜ್ಜಿ ಬೇರನ್ನು ಉದುರಿಸಿ, ಬಾಂಡಲೆಯಲ್ಲಿ ಸಣ್ಣ ಉರಿಯ ಮೇಲೆ ಪರಿಮಳ ಬರುವಷ್ಟು ಹುರಿದು ಬೀಸುತ್ತಾರೆ. ಇದನ್ನು ಈಗ ಬಿಟ್ಟು ಅಂಗಡಿಯ ಡಬ್ಬಿಗೆ ಕೈಚಾಚುವ ಮನೆಗಳು ಹೆಚ್ಚಾಗುತ್ತಿವೆ.

ಕೂಸಿನ ಹೊಟ್ಟೆ ಬಹು ಚಿಕ್ಕದು. ಬರೀ ರಾಗಿಹಿಟ್ಟಿನ ಗಂಜಿಯು ಬೆಂದಾಗ ಊದಿ ಗಟ್ಟಿಯಾಗುವದರಿಂದ ಕೂಸು ನುಂಗಲಾರದೆಂದು ತಾಯಿ ನೀರನ್ನು ಹೆಚ್ಚಿಸುತ್ತಾಳೆ. ಹೊಟ್ಟೆ ತುಂಬುತ್ತದೆ, ಆದರೆ ತುಂಬಿದ್ದು ನೀರು. ಕೂಸು ಅಳದಿದ್ದರೂ ತೂಕ ಏರುವದಿಲ್ಲ. ಮೊಳಕೆಹಿಟ್ಟಿನಲ್ಲಿ ಬೀಜದ ಕಿಣ್ವವು ಇನ್ನೂ ಇರುವದರಿಂದ, ತಣ್ಣೀರಲ್ಲಿ ಕಲಸಿ ಸಣ್ಣ ಉರಿಯಲ್ಲಿ ತಿರುವುತ್ತಾ ಬಿಸಿಮಾಡಿದಾಗ, ಕುದಿಯುವ ಮುಂಚೆ ಅದು ಹಿಟ್ಟನ್ನು ತುಂಡರಿಸಿ ಗಂಜಿಯನ್ನು ತೆಳುವಾಗಿಸುತ್ತದೆ. ಆದಕಾರಣ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು ಹಿಡಿಸಬಹುದು. ಬರೋಡಾ ವಿಶ್ವವಿದ್ಯಾಲಯದ ತಾರಾ ಗೋಪಾಲದಾಸರು ೧೯೮೦ರ ದಶಕದಲ್ಲಿ, ಗಟ್ಟಿ ಗಂಜಿಗೆ ಮೊಳಕೆಹಿಟ್ಟನ್ನು ಸ್ವಲ್ಪವೇ ಬೆರಸಿದರೂ ಅದು ನೀರಾಗುವದನ್ನು ತೋರಿಸಿಕೊಟ್ಟರು. ಅಡಿಗೆಮನೆಯಲ್ಲಿಯೇ ಪರೀಕ್ಷಿಸಬಹುದು: ಗಟ್ಟಿಯಾದ ಗಂಜಿಯು ಕೈ ತಾಳುವಷ್ಟು ಬೆಚ್ಚಗಾದಾಗ ಒಂದು ಚಮಚ ಮೊಳಕೆಹಿಟ್ಟನ್ನು ಹಾಕಿ ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ಅದು ಹರಿಯತೊಡಗುವದು. ಕೂಸಿಗೆ ಕೊಡುವದಾದರೆ ಮತ್ತೆ ಒಂದು ಸಾರಿ ಕುದಿಸಿಯೇ ಕೊಡಬೇಕು. ಹುರಿಯುವಾಗ ಕಪ್ಪಾಗುವಂತೆ ಹುರಿದರೆ ಕಿಣ್ವವು ಸತ್ತು, ಪಟ್ಟ ಶ್ರಮವು ವ್ಯರ್ಥವಾಗುವದು. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯದವರು ಈ ಹಿಟ್ಟಿನ ವಿಷಯವಾಗಿ ಬಹಳ ಕೆಲಸ ಮಾಡಿದ್ದಾರೆ. ಕಿರುಧಾನ್ಯಗಳಲ್ಲಿ ಮೊಳಕೆಯ ಹಿಟ್ಟಿಗೆ ರಾಗಿಯೇ ಶ್ರೇಷ್ಠವೆಂಬದು ಕಂಡುಬಂದಿದೆ.

ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶವುಂಟು. ಅಕ್ಕಿಯಲ್ಲಿ ಇದರ ಹತ್ತನೆಯ ಒಂದು ಪಾಲೂ ಇಲ್ಲ. ಮೊಳೆಯಿಸಿದರೆ ಈ ಅಂಶವು ಹೆಚ್ಚುವದೆಂದು ಕೆಲವರು ಹೇಳುವದು ತಪ್ಪು. ಬರಿನೀರಿನಿಂದ ಸುಣ್ಣ ಹುಟ್ಟುವದಿಲ್ಲ. ನಿಜಸಂಗತಿ ಹೀಗಿದೆ: ಬೀಜವು ತನ್ನ ರಂಜಕವನ್ನು ಸುಣ್ಣ, ಕಬ್ಬಿಣ ಮುಂತಾದವುಗಳೊಡನೆ ಫೈಟಿನ್ ಎಂಬ ಬೀಗದೊಳಗೆ ಇಟ್ಟಿರುತ್ತದೆ, ನಮ್ಮ ಹೊಟ್ಟೆಗೆ ಆ ಬೀಗವು ಸರಿಯಾಗಿ ತೆರೆಯದು. ಮೊಳೆಯುವಾಗ ಬೀಜವೇ ಅದನ್ನು ಸ್ವಲ್ಪಮಟ್ಟಿಗೆ ತೆರೆಯುವದರಿಂದ ನಮ್ಮ ರಕ್ತಕ್ಕೆ ಹೆಚ್ಚು ಸೇರುತ್ತದೆ. ಸರಿಯ ಹಿಟ್ಟನ್ನು ಬಟ್ಟೆಯಲ್ಲಿ ಸೋಸುವ ಪದ್ಧತಿಯ ವಿಷಯ ಒಂದು ಮಾತು. ಸುಣ್ಣದ ದೊಡ್ಡ ಪಾಲು ಸಿಪ್ಪೆಯಲ್ಲಿರುತ್ತದೆ. ಚಿಕ್ಕ ಕೂಸಿಗೆ ಸಿಪ್ಪೆ ಒಗ್ಗದಾದದರಿಂದ ಸೋಸಲೇಬೇಕು. ಆದರೆ ಉಳಿದದ್ದನ್ನು ದನಕ್ಕೆ ಹಾಕದೆ ಮನೆಯವರ ರೊಟ್ಟಿಹಿಟ್ಟಿಗೆ ಸೇರ್ಪಡಿಸಬಹುದು. ಆರು ತಿಂಗಳು ತುಂಬುವ ತನಕ ತಾಯಿಯ ಹಾಲಲ್ಲದೆ ಸರಿಯನ್ನೂ ಕೊಡಬಾರದು.

ಸರಿಯ ರಾಗಿಯನ್ನು ಬೀಸಲು ತಂದವರು ತೂಕ ಕಡಿಮೆಯಾಯಿತೆಂದು ಗಿರಣಿಯವರ ಮೇಲೆ ಸಂಶಯಪಡುವದುಂಟು. ಪಾಪ, ಅವರು ತೆಗೆದದ್ದಲ್ಲ. ಎರಡು ದಿನ ಬೆಚ್ಚಗೆ ಉಸಿರಾಡಿದ ಬೀಜವು ತನ್ನ ಹಿಟ್ಟಿನಲ್ಲಿ ಒಂದು ಪಾಲನ್ನು ತಾನೇ ಸುಟ್ಟುಕೊಂಡಿದೆ. ಆದಕಾರಣ ಮೊಳಕೆಯು ಉದ್ದವಾದಷ್ಟೂ ಒಳ್ಳೆಯದೆಂದು ಬೆಳೆಯಿಸುತ್ತಾ ಹೋಗಬಾರದು. ಬಿಳೀ ಬೇರು ಕಂಡು ಕಾಳಿನ ಒಂದೆರಡರಷ್ಟು ಉದ್ದವಾದರೆ ಸಾಕು.

ಹುರುಳಿ, ಹೆಸರು, ಕಡಲೆಯ ಮೊಳಕೆಯಲ್ಲಿ ಬೇರೊಂದು ಲಾಭವುಂಟು. ಒಣಕಾಳಿನಲ್ಲಿ ಹೆಚ್ಚುಕಡಿಮೆ ಇಲ್ಲದ ಸಿ ಜೀವಸತ್ವವು ಮೊಳೆಯುವಾಗ ಹೊಸದಾಗಿ ಹುಟ್ಟುತ್ತದೆ. ಒಸಡುಗಳಿಂದ ರಕ್ತ ಸೋರುವ ಸ್ಕರ್ವಿ ರೋಗಕ್ಕೆ ಈ ಸತ್ವವೇ ಮದ್ದು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, ೧೯೧೮ರಲ್ಲಿ, ಸೆರ್ಬಿಯಾ ದೇಶದ ರೋಗಿ ಸೈನಿಕರಿಗೆ ನಿಂಬೆರಸಕ್ಕೆ ಬದಲಾಗಿ ಮೊಳೆತ ಬೀನ್ಸ್ ಕಾಳನ್ನು ಕೊಟ್ಟು ನೋಡಿದ್ದರು. ನಿಂಬೆರಸ ಕುಡಿದವರಿಗಿಂತ ಅವರೇನೂ ಹಿಂದೆ ಬೀಳಲಿಲ್ಲ. ಹೊಟ್ಟೆಯಲ್ಲಿ ವಾಯು ಹುಟ್ಟಿಸುವ ಸಕ್ಕರೆಗಳನ್ನೂ ಮೊಳೆಯು ತಾನೇ ತಿಂದುಬಿಡುವದರಿಂದ, ಮೊಳಕೆ ಹುರುಳಿಯ ಸಾರು ವಯಸ್ಸಾದವರಿಗೂ ಹಗುರ.

ಆದರೆ ಬೆಚ್ಚಗೆ ಒದ್ದೆಯಾಗಿರುವ ಗಂಟಿನಲ್ಲಿ ಬೀಜ ಮಾತ್ರವಲ್ಲ, ರೋಗದ ಕ್ರಿಮಿಗಳೂ ಬೆಳೆಯುತ್ತವೆ. ೨೦೧೧ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸೀ ಮೊಳಕೆಯ ಮೂಲಕ ಹರಡಿದ ರೋಗದಿಂದ ಐವತ್ತು ಮಂದಿಗಿಂತ ಹೆಚ್ಚು ಸತ್ತರು. ಬಟ್ಟೆಯನ್ನು ಕುದಿಸಿ ಒಗೆದು, ಕುಡಿಯುವ ನೀರಿನಿಂದಲೇ ತೊಳೆದು, ಮಕ್ಕಳಿಗೂ ಬಸುರಿಯರಿಗೂ ಮುದುಕರಿಗೂ ಬೇಯಿಸಿಯೇ ಬಡಿಸಬೇಕು. ಬೇಯಿಸಿದರೆ ಜೀವಸತ್ವವು ಸ್ವಲ್ಪ ಹೋಗುವದು ನಿಜ; ತಟ್ಟೆಗೆ ಬಡಿಸಿದ ಮೇಲೆ ನಿಂಬೆಹಣ್ಣನ್ನು ಹಿಂಡಿಕೊಂಡರಾಯಿತು. ಬಿಳೀಜೋಳವನ್ನು ರಾಗಿಯಂತೆ ಮೊಳೆಯಿಸಿ ಮೊಳಕೆಸಹಿತ ತಿನ್ನಬಾರದು. ಅದರ ಎಳೇ ಮೊಳೆಯಲ್ಲಿ ಸೈನೈಡ್ ವಿಷವು ಹುಟ್ಟುತ್ತದೆ. ಎಳೇ ಜೋಳದ ಪೈರಿಗೆ ನುಗ್ಗಿದ ದನವು ಹೊಟ್ಟೆಯುಬ್ಬರವಿಲ್ಲದೆಯೂ ಹೊಲದಲ್ಲಿಯೇ ಬಿದ್ದು ಸಾಯುವದು ಇದರಿಂದಲೇ.

ಕಡೆಯದಾಗಿ, ಬಿತ್ತನೆಗೆಂದು ಕೊಂಡ ಬೀಜವು ಕೆಂಪಾಗಿಯೋ ನೀಲಿಯಾಗಿಯೋ ಬಣ್ಣ ಹಚ್ಚಿದ್ದಾಗಿದ್ದರೆ ಅದಕ್ಕೆ ಬೂಷ್ಟಿನ ಅಥವಾ ಹುಳುವಿನ ಔಷಧ ಬಳಿದಿದ್ದಾರೆಂದು ತಿಳಿಯಬೇಕು. ಮಿಕ್ಕದ್ದನ್ನು ತೊಳೆದು ಮೊಳಕೆಗೆ ಕಟ್ಟುವದಾಗಲಿ ಕೋಳಿಗೆ ಚೆಲ್ಲುವದಾಗಲಿ ಕೂಡದು. ಚೀಲದ ಮೇಲೆ ಸೀಸದಕಡ್ಡಿಯಿಂದ ಗುರುತು ಮಾಡಿ, ಮಕ್ಕಳ ಕೈಗೆ ಸಿಕ್ಕದಂತೆ, ಅಡಿಗೆಯ ರಾಗಿಯಿಂದ ದೂರವಾಗಿ ಅಟ್ಟದ ಮೇಲೆ ಇಡಿರಿ.